ಚಳಿಗಾಲದಲ್ಲಿ ಬಿದಿರಿನ ಕುಂಡವನ್ನು ಮನೆಯೊಳಗೆ ಇಡಲೇಬೇಕೇ? ಲಕ್ಕಿ ಬಾಂಬೂ ಬಗ್ಗೆ ನಿಮಗೆ ಗೊತ್ತಿರಬೇಕಾದ ವಿಷಯ

"ಚಳಿ ಶುರುವಾಯಿತು, ಬಿದಿರಿನ ಗಿಡವನ್ನು ಮನೆಯೊಳಗೆ ತನ್ನಿ, ಇಲ್ಲದಿದ್ದರೆ ಒಣಗುತ್ತದೆ. ಒಳಗಿಟ್ಟರೆ ರಾತ್ರಿಯಿಡೀ ಆಮ್ಲಜನಕವೂ ಸಿಗುತ್ತದೆ." ಇಂಥ ಸಲಹೆ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳಿಗೆ ಇದು ಅನ್ವಯಿಸುತ್ತದೆಯೇ? ನೋಡೋಣ.

ನಮ್ಮ ಚಳಿಗೆ ಬಿದಿರು ಸಾಯುತ್ತದೆಯೇ?

ಇಲ್ಲ. ಇದು ಹಿಮ ಬೀಳುವ ದೇಶಗಳಿಗೆ ಹೇಳಿದ ಮಾತು. ಅಲ್ಲಿ ಕುಂಡದ ಮಣ್ಣು ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆಯಾದ ನೀರನ್ನು ಬೇರು ಹೀರಲಾರದು. ಕೊಳ್ಳೇಗಾಲದಲ್ಲಿ ಜನವರಿಯ ರಾತ್ರಿಯೂ ತಾಪಮಾನ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಬಿದಿರು ಪ್ರತಿ ಚಳಿಗಾಲವನ್ನೂ ಬಯಲಿನಲ್ಲೇ ಕಳೆಯುತ್ತದೆ. ಅಲ್ಲಿನ ಗಟ್ಟಿ ಬಿದಿರಿನ ಜಾತಿಯೇ ಉತ್ತರ ಭಾರತದ ಶಿವಾಲಿಕ್ ಬೆಟ್ಟಗಳಲ್ಲೂ ಬೆಳೆಯುತ್ತದೆ.

ಮಳೆ ನಿಂತ ಮೇಲೆ ಈ ಬಿದಿರು ಎಲೆ ಉದುರಿಸುವುದು ಸಹಜ. ಗಿಡ ಸತ್ತಿತೆಂದು ಹೆದರಿ ದಿನವೂ ನೀರು ಸುರಿದರೆ ಬೇರು ಕೊಳೆಯುತ್ತದೆ. ಕುಂಡದ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿ, ಬಿಸಿಲು ಬೀಳುವ ಕಡೆ ಇಡಿ, ಸಾಕು.

ಲಕ್ಕಿ ಬಾಂಬೂ ಬಿದಿರೇ ಅಲ್ಲ

ಗಾಜಿನ ಲೋಟದಲ್ಲಿ ನೀರು, ಬೆಣಚುಕಲ್ಲು ಹಾಕಿ ಟೇಬಲ್ ಮೇಲೆ ಇಡುವ ಗಿಡ ನೋಡಲು ಬಿದಿರಿನಂತಿದ್ದರೂ ಬಿದಿರಲ್ಲ. ಅದರ ಹೆಸರು ಡ್ರಸೀನಾ ಸ್ಯಾಂಡೇರಿಯಾನಾ, ತವರು ಆಫ್ರಿಕಾದ ಕ್ಯಾಮರೂನ್ ಸುತ್ತಮುತ್ತಲಿನ ಕಾಡು. ನಮ್ಮ ಮೊರ, ಬುಟ್ಟಿಯ ಬಿದಿರು ಹುಲ್ಲಿನ ಜಾತಿಗೆ ಸೇರಿದ್ದು, ರಾಗಿ, ಭತ್ತ, ಕಬ್ಬಿನ ನೆಂಟ. ಹಾಗಾಗಿ ಲಕ್ಕಿ ಬಾಂಬೂ ಚಿಗುರನ್ನು ಕಳಲೆ ಎಂದುಕೊಂಡು ತಿನ್ನಬಾರದು. ಬೆಕ್ಕು, ನಾಯಿಗಳಿಗೆ ಈ ಗಿಡ ವಿಷಕಾರಿ.

ರಾತ್ರಿ ಆಮ್ಲಜನಕದ ಮಾತೂ ತಪ್ಪು. ಬೆಳಕಿಲ್ಲದೆ ಎಲೆ ಆಮ್ಲಜನಕ ತಯಾರಿಸುವುದಿಲ್ಲ. ಕತ್ತಲಲ್ಲಿ ಗಿಡವೂ ನಮ್ಮಂತೆಯೇ ಉಸಿರಾಡುತ್ತದೆ.

ನಿಜವಾದ ಅಪಾಯ ನೀರಿನಲ್ಲಿದೆ

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೆರೆ, ಚರಂಡಿಯೇ ಬೇಕೆಂದಿಲ್ಲ, ಒಂದು ಲೋಟ ನಿಂತ ನೀರು ಸಾಕು. 2001ರಲ್ಲಿ ಚೀನಾದಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹಡಗಿನಲ್ಲಿ ಬಂದ ಲಕ್ಕಿ ಬಾಂಬೂ ನೀರಿನಲ್ಲಿ ಈಡಿಸ್ ಜಾತಿಯ ಏಷ್ಯನ್ ಟೈಗರ್ ಸೊಳ್ಳೆ ಪತ್ತೆಯಾಗಿತ್ತು. ಅಂದರೆ ಈ ಗಿಡದ ಜೊತೆ ಸೊಳ್ಳೆ ಸಮುದ್ರವನ್ನೇ ದಾಟಿತ್ತು! ನಮ್ಮಲ್ಲೂ 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು.

ನಾವು ಸಾಮಾನ್ಯವಾಗಿ ಮಾಡುವುದೇನು? ನೀರು ಕಡಿಮೆಯಾದಾಗ ಮೇಲಿಂದ ಸ್ವಲ್ಪ ಸುರಿಯುತ್ತೇವೆ, ಅಷ್ಟೇ. ಸೊಳ್ಳೆ ಮೊಟ್ಟೆ ಇಡುವುದು ನೀರಿನ ಅಂಚಿನ ಗೋಡೆಗೆ. ಅವು ತಿಂಗಳುಗಟ್ಟಲೆ ಒಣಗಿದ್ದರೂ ಜೀವಂತವಿದ್ದು, ಮತ್ತೆ ನೀರು ತಾಗಿದಾಗ ಮರಿಯಾಗುತ್ತವೆ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಚಳಿಗೆ ಇದು ನಿಧಾನವಾಗಬಹುದು, ಆದರೆ ನಮ್ಮ ಮನೆಯೊಳಗಿನ ಚಳಿಗೆ ನಿಲ್ಲುವುದಿಲ್ಲ.

ಏನು ಮಾಡಬೇಕು?

• ವಾರಕ್ಕೊಮ್ಮೆ ನೀರನ್ನು ಪೂರ್ತಿ ಚೆಲ್ಲಿ, ಲೋಟದ ಒಳಗೋಡೆಯನ್ನೂ ಕಲ್ಲುಗಳನ್ನೂ ಉಜ್ಜಿ ತೊಳೆಯಿರಿ.
• ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ.
• ಇದು ಕಷ್ಟವೆನಿಸಿದರೆ ಲಕ್ಕಿ ಬಾಂಬೂವನ್ನು ಮಣ್ಣಿನಲ್ಲೇ ನೆಡಿ, ಅಲ್ಲೂ ಚೆನ್ನಾಗಿ ಬೆಳೆಯುತ್ತದೆ.
• ಅದನ್ನು ನೇರ ಬಿಸಿಲಿಗೆ ಇಡಬೇಡಿ, ಎಲೆ ಸುಡುತ್ತದೆ. ಕಿಟಕಿಯ ಬೆಳಕು ಸಾಕು.

ನಮ್ಮ ತೀರ್ಮಾನ: ಕೊಳ್ಳೇಗಾಲದ ಚಳಿಯಿಂದ ಬಿದಿರನ್ನು ಕಾಪಾಡಬೇಕಿಲ್ಲ. ಲಕ್ಕಿ ಬಾಂಬೂ ನೀರಿನಿಂದ ಮನೆಯವರನ್ನು ಕಾಪಾಡಬೇಕು. ಈ ಲೇಖನವನ್ನು ಫಾರ್ವರ್ಡ್ ಮಾಡುವ ಮುನ್ನ ನಿಮ್ಮ ಮನೆಯ ಲೋಟದಲ್ಲಿ ಹುಳು ಓಡಾಡುತ್ತಿದೆಯೇ ಎಂದು ಒಮ್ಮೆ ನೋಡಿ ಬನ್ನಿ.