ಕಂಕುಳಿನ ಗಂಟನ್ನು ಅಲಕ್ಷಿಸದಿರಿ

ಗರ್ಭಸ್ಥ ಶಿಶುವಿಗೆ ಸುಮಾರು 6 ವಾರಗಳಾದಾಗ ಕಂಕುಳಿನಿಂದ ತೊಡೆಸಂದಿಯವರೆಗೆ ಎರಡೂ ಪಾರ್ಶ್ವಗಳಲ್ಲಿ ‘ಕ್ಷೀರರೇಖೆ’ ಮೂಡುತ್ತದೆ. ಮುಂದೆ ಅದು ಎದೆಯಲ್ಲಿ ಮಾತ್ರ ಉಳಿದು, ಮಿಕ್ಕೆಡೆ ಅಳಿಯುತ್ತದೆ. ಕೆಲವರಲ್ಲಿ ಪೂರ್ತಿ ಅಳಿಯದೆ, ಹೆಚ್ಚಾಗಿ ಕಂಕುಳಿನಲ್ಲಿ, ಸ್ತನದ ಅಂಗಾಂಶ ಉಳಿದಿರುತ್ತದೆ. ಮುಟ್ಟಿನ ದಿನಗಳಲ್ಲಿ, ಬಸಿರು ಬಾಣಂತನಗಳಲ್ಲಿ ಅದು ಊದಿಕೊಂಡು ನೋಯುವುದುಂಟು. ಇದು ಸ್ವತಃ ರೋಗವಲ್ಲ. ಆದರೆ ಸ್ತನಕ್ಕೆ ಬರುವ ಕ್ಯಾನ್ಸರ್ ಅಪರೂಪಕ್ಕೆ ಇಲ್ಲಿಯೂ ಹುಟ್ಟಬಲ್ಲದು.

ಕೊಬ್ಬಿನ ಗಂಟೆಂದೋ ಕುರುವೆಂದೋ ಬಗೆದು, ಸಂಕೋಚದಿಂದ ಮುಚ್ಚಿಟ್ಟು ಚಿಕಿತ್ಸೆ ತಡವಾಗುವುದೇ ದೊಡ್ಡ ಅಪಾಯ. ನೋವಿಲ್ಲವೆಂದ ಮಾತ್ರಕ್ಕೆ ಗಂಟು ನಿರಪಾಯಕಾರಿಯಲ್ಲ. ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಅದರ ಸ್ವರೂಪ ತಿಳಿಯುತ್ತದೆ. ಬಯಾಪ್ಸಿಯಿಂದ ರೋಗ ನಿರ್ಣಯವಾಗುತ್ತದೆ. ಬೇಗ ಗುರುತಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು.

ತಾಯಂದಿರೇ, ಸ್ತನಗಳನ್ನು ಪರೀಕ್ಷಿಸಿಕೊಳ್ಳುವಾಗ ಕಂಕುಳನ್ನೂ ಮುಟ್ಟಿ ನೋಡಿಕೊಳ್ಳಿರಿ. ಕರಗದೆ ಉಳಿದ, ಬೆಳೆಯುತ್ತಿರುವ ಗಂಟು ಕಂಡರೆ ವೈದ್ಯರನ್ನು ಕಾಣಲು ನಾಚದಿರಿ.