ಹಳೆ ಕ್ರೆಡಿಟ್ ಕಾರ್ಡ್ ಮುಚ್ಚಬೇಕಾ, ಇಟ್ಟುಕೊಳ್ಳಬೇಕಾ?

ಬ್ರಹ್ಮಾವರ, ಕುಂದಾಪುರ, ಬೈಂದೂರು ಕಡೆಯಿಂದ ಬಂದ ನಮ್ಮಲ್ಲಿ ಹಲವರ ಮನೆಯಲ್ಲಿ ಎಜುಕೇಶನ್ ಲೋನ್ ಮಾತು ಬಂದಾಗೆಲ್ಲ ಹಿಂದೆಯೇ ಇನ್ನೊಂದು ಪ್ರಶ್ನೆ ಬರ್ತದೆ: “ಹಳೆ ಕಾರ್ಡ್ ಎಲ್ಲ ಕ್ಲೋಸ್ ಮಾಡ್ರೆ ಸಿಬಿಲ್ ಸರಿ ಆತ್ತಾ?” ಲೋನ್ ನಮ್ಮ ಓದಿಗೇ ಇರಬಹುದು. ಆದರೆ ಅಪ್ಪ ಅಥವಾ ಅಮ್ಮ ಜಂಟಿ ಸಾಲಗಾರರಾಗಿ ಸಹಿ ಹಾಕ್ತಾರೆ, ಬ್ಯಾಂಕ್ ಅವರ ರಿಪೋರ್ಟನ್ನೂ ನೋಡ್ತದೆ.

ನಮ್ಮ ಕಡೆಯವರು ಬೆಂಗಳೂರು, ಮುಂಬೈಯಲ್ಲಿ ಹೋಟೆಲ್ ನಡೆಸುವುದು ಎಲ್ಲರಿಗೂ ಗೊತ್ತು. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್ ಬಾಗಿಲು ಮುಚ್ಚಿದಾಗ ಎಷ್ಟೋ ಜನ ಬಾಡಿಗೆ, ಸಂಬಳಕ್ಕೂ ಕಾರ್ಡ್ ಉಜ್ಜಿದರು. ಕಂತು ತಪ್ಪಿತು, ಸ್ಕೋರ್ ಬಿತ್ತು. ಈಗ ವ್ಯಾಪಾರ ಎದ್ದಿದೆ, ಸ್ಕೋರನ್ನೂ ಎಬ್ಬಿಸಬೇಕು. ಆಗ ಮೊದಲು ಹೊಳೆಯುವ ಉಪಾಯವೇ ಹಳೆ ಕಾರ್ಡ್ ಕತ್ತರಿಸಿ ಎಸೆಯುವುದು.

ಚಿಕ್ಕ ಉತ್ತರ ಮೊದಲೇ ಹೇಳ್ತೇವೆ. ಬಾಕಿ ಇರುವಾಗ ಮುಚ್ಚುವ ಆತುರ ಬೇಡ. ಮೊದಲು ಬಾಕಿ ತೀರಿಸಿ, ಆಮೇಲೆ ಒಂದೊಂದೇ ಕಾರ್ಡ್ ಕೈಗೆತ್ತಿಕೊಳ್ಳಿ. ಯಾಕೆ ಅಂತ ನೋಡೋಣ.

ಪಿಗ್ಮಿಯಿಂದ ಸಿಬಿಲ್‌ವರೆಗೆ

ಉಡುಪಿ ಬ್ಯಾಂಕುಗಳ ಊರು. ಕಾರ್ಪೊರೇಶನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇಲ್ಲೇ ಹುಟ್ಟಿದ್ದು. ಸಿಂಡಿಕೇಟ್‌ನವರು 1928ರಲ್ಲಿ ಪಿಗ್ಮಿ ಶುರು ಮಾಡಿದರು. ಏಜೆಂಟ್ ದಿನಾ ಮನೆ, ಅಂಗಡಿಗೆ ಬಂದು ಎರಡಾಣೆಯಂಥ ಸಣ್ಣ ಮೊತ್ತ ತಗೊಂಡು ಹೋಗ್ತಿದ್ದರು. ಯಾರು ತಪ್ಪದೆ ಕಟ್ತಾರೆ ಅಂತ ಮುಖ ನೋಡಿಯೇ ಗೊತ್ತಾಗ್ತಿತ್ತು.

ಈಗ ಆ ಕೆಲಸ ಒಂದು ನಂಬರ್ ಮಾಡ್ತದೆ. 2000ದಲ್ಲಿ ಶುರುವಾದ ಸಿಬಿಲ್ ಕೊಡುವ ಸ್ಕೋರ್ 300ರಿಂದ 900ರ ಒಳಗೆ ಇರ್ತದೆ. 900ಕ್ಕೆ ಹತ್ತಿರ ಇದ್ದಷ್ಟು ಒಳ್ಳೆಯದು. ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಕೂಡ ಇದೇ ಕೆಲಸ ಮಾಡುವ ಕಂಪನಿಗಳು. ಇವರು ಮುಖ್ಯವಾಗಿ ನೋಡುವುದು: ಕಂತು ಸಮಯಕ್ಕೆ ಕಟ್ಟಿದ್ದೀರಾ, ಸಿಕ್ಕ ಲಿಮಿಟ್‌ನಲ್ಲಿ ಎಷ್ಟು ಬಳಸಿದ್ದೀರಿ, ಎಷ್ಟು ವರ್ಷದಿಂದ ಯಾವ ಯಾವ ಥರದ ಸಾಲ ಇದೆ, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಿದ್ದೀರಿ.

ಡಿನಾಮಿನೇಟರ್ ಆಟ

ಲಿಮಿಟ್ ಬಳಕೆ ಅನ್ನುವುದು ಒಂದು ಭಿನ್ನರಾಶಿ ಅಷ್ಟೇ. ಮೇಲೆ ಒಟ್ಟು ಬಾಕಿ, ಕೆಳಗೆ ಒಟ್ಟು ಲಿಮಿಟ್.

ಒಬ್ಬರ ಹತ್ರ ಎರಡು ಕಾರ್ಡ್ ಇದೆ ಅಂತ ಇಟ್ಟುಕೊಳ್ಳಿ. ಹಳೆಯದರ ಲಿಮಿಟ್ 1,00,000 ರೂಪಾಯಿ, ಬಾಕಿ ಸೊನ್ನೆ. ಹೊಸತರ ಲಿಮಿಟ್ 50,000, ಬಾಕಿ 30,000. ಒಟ್ಟು 1,50,000ದಲ್ಲಿ 30,000, ಅಂದ್ರೆ ಶೇ. 20. “ಹಳೆಯದು ಸುಮ್ಮನೆ ಬಿದ್ದಿದೆ” ಅಂತ ಅದನ್ನು ಮುಚ್ಚಿದರೆ 50,000ದಲ್ಲಿ 30,000, ಅಂದ್ರೆ ಶೇ. 60. ಸಾಲ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ, ಆದರೂ ರಿಪೋರ್ಟ್‌ನಲ್ಲಿ ಕೈ ಕಟ್ಟಿದವರ ಥರ ಕಾಣ್ತದೆ. ಶೇ. 30ರ ಒಳಗಿದ್ದರೆ ಒಳ್ಳೆಯದು ಅನ್ನುವುದು ಸಾಮಾನ್ಯ ಸಲಹೆ.

ಅದೇ ಎಲ್ಲಾ ಕಾರ್ಡ್‌ಗಳ ಬಾಕಿ ಸೊನ್ನೆ ಇದ್ದರೆ? ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆ. ಹಾಗಾಗಿ ಬಾಕಿ ತೀರಿಸಿದ ಮೇಲೆ ಒಂದು ಕಾರ್ಡ್ ಮುಚ್ಚಿದರೆ ಈ ಲೆಕ್ಕದಲ್ಲಿ ಪೆಟ್ಟು ಬೀಳುವುದು ಕಡಿಮೆ.

ಇನ್ನೊಂದು ತಪ್ಪು ತಿಳುವಳಿಕೆ ಇದೆ: ಕಾರ್ಡ್ ಮುಚ್ಚಿದರೆ ಹಳೆ ಕಥೆ ಅಳಿಸಿ ಹೋಗ್ತದೆ ಅಂತ. ಹೋಗುವುದಿಲ್ಲ. ಮುಚ್ಚಿದ ಖಾತೆಯ ದಾಖಲೆಯೂ ವರ್ಷಗಟ್ಟಲೆ ರಿಪೋರ್ಟ್‌ನಲ್ಲಿ ಇರ್ತದೆ. ತಪ್ಪಿದ ಕಂತನ್ನು ಮರೆಸುವುದು ಕತ್ತರಿ ಅಲ್ಲ, ಆಮೇಲೆ ತಿಂಗಳು ತಿಂಗಳು ಸರಿಯಾಗಿ ಕಟ್ಟಿದ ಸಾಲು.

ನಿಜವಾದ ತೊಡಕು ಎಲ್ಲಿದೆ

ಲಾಕ್‌ಡೌನ್ ಪೆಟ್ಟು ತಿಂದವರ ರಿಪೋರ್ಟ್‌ನಲ್ಲಿ ಹೆಚ್ಚು ಕಾಡುವುದು ‘ಸೆಟಲ್ಡ್’ ಅನ್ನುವ ಪದ. 70,000 ಬಾಕಿ ಇದ್ದಾಗ ಬ್ಯಾಂಕ್ “40,000 ಕೊಡಿ, ಮುಗಿಸೋಣ” ಅಂದಿರ್ತದೆ. ಮನೆಯವರ ಲೆಕ್ಕದಲ್ಲಿ ಸಾಲ ಮುಗಿಯಿತು. ಮುಂದೆ ಸಾಲ ಕೊಡುವವರಿಗೆ ಮಾತ್ರ ‘ಪೂರ್ತಿ ಕಟ್ಟಿಲ್ಲ’ ಅಂತ ಕಾಣ್ತದೆ. ಕೈಲಿ ದುಡ್ಡಿದ್ದರೆ ಉಳಿದದ್ದನ್ನು ಕಟ್ಟುವ ಬಗ್ಗೆ ಆ ಬ್ಯಾಂಕಿನ ಹತ್ರ ಮಾತಾಡಿ, ಬಾಕಿ ಇಲ್ಲ ಅನ್ನುವ ಪತ್ರ ತಗೊಂಡು, ದಾಖಲೆ ಬದಲಿಸಿ ಅಂತ ಲಿಖಿತವಾಗಿ ಕೇಳಬೇಕು. ಚೆನ್ನಾಗಿರುವ ಕಾರ್ಡ್ ಮುಚ್ಚುವುದಕ್ಕಿಂತ ಇದು ಮೊದಲು ಆಗಬೇಕಾದ ಕೆಲಸ.

ಯಾವಾಗ ಮುಚ್ಚಬಹುದು

ವರ್ಷಕ್ಕೆ ಫೀಸ್ ತಿನ್ನುವ, ಉಪಯೋಗಕ್ಕೆ ಬಾರದ ಕಾರ್ಡ್ ಇದ್ದರೆ ಫೀಸ್ ಇಲ್ಲದ ಕಾರ್ಡ್‌ಗೆ ಬದಲಿಸಿ ಕೊಡ್ತೀರಾ ಅಂತ ಮೊದಲು ಕೇಳಿ. ಇಲ್ಲ ಅಂದ್ರೆ ಮುಚ್ಚಬಹುದು. ಕಾರ್ಡ್ ಕೈಲಿದ್ದರೆ ಖರ್ಚು ನಿಲ್ಲುವುದೇ ಇಲ್ಲ ಅನ್ನುವವರೂ ಬಾಕಿ ತೀರಿಸಿ ಮುಚ್ಚುವುದೇ ಸರಿ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂದ್ರೆ ವರ್ಷಕ್ಕೆ 42. ಅದರ ಮುಂದೆ ಸ್ಕೋರಿನ ನಾಲ್ಕು ಪಾಯಿಂಟ್ ಏನೂ ಅಲ್ಲ. ಲೋನ್ ಅರ್ಜಿ ಹಾಕುವುದು ಹತ್ತಿರ ಇದ್ದರೆ ಮಾತ್ರ ಅದು ಮಂಜೂರಾಗುವವರೆಗೆ ಕಾಯಿರಿ. ಎಲ್ಲಕ್ಕಿಂತ ಹಳೆಯ, ಫೀಸ್ ಇಲ್ಲದ ಕಾರ್ಡನ್ನು ಕೊನೆಗೆ ಬಿಡಿ.

ಇಟ್ಟುಕೊಳ್ಳುವ ಕಾರ್ಡನ್ನು ಪೂರ್ತಿ ಮಲಗಿಸಬೇಡಿ. ಒಂದು ವರ್ಷಕ್ಕಿಂತ ಹೆಚ್ಚು ಬಳಸದಿದ್ದರೆ ಬ್ಯಾಂಕೇ ತಿಳಿಸಿ ಮುಚ್ಚಬಹುದು. ಮೆಸ್ಕಾಂ ಬಿಲ್ ಅಥವಾ ಮೊಬೈಲ್ ರೀಚಾರ್ಜ್ ಒಂದನ್ನು ಅದರಲ್ಲಿ ಕಟ್ಟಿ, ಕಾರ್ಡಿನ ಪೂರ್ತಿ ಬಿಲ್‌ಗೆ ಆಟೋ ಪೇ ಹಾಕಿದರೆ ಸಾಕು.

ಮುಚ್ಚುವುದೇ ಆದರೆ

ಬಾಕಿ ಸೊನ್ನೆ ಮಾಡಿ, ಆಟೋ ಪೇಗಳನ್ನು ಬೇರೆ ಕಡೆಗೆ ಹಾಕಿ, ರಿವಾರ್ಡ್ ಪಾಯಿಂಟ್ ಬಳಸಿಕೊಂಡು ಅರ್ಜಿ ಕೊಡಿ. 2022ರ ಆರ್‌ಬಿಐ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ಬ್ಯಾಂಕ್ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕು. ಮುಚ್ಚಿದ ಬಗ್ಗೆ ಬಂದ ಮೇಲ್ ಅಥವಾ ಪತ್ರ ಜೋಪಾನ ಮಾಡಿ, ಒಂದೆರಡು ತಿಂಗಳ ನಂತರ ರಿಪೋರ್ಟ್‌ನಲ್ಲಿ ‘ಕ್ಲೋಸ್ಡ್’ ಅಂತ ಬಂದಿದೆಯಾ ನೋಡಿ.

ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ನಮ್ಮ ಜಿಲ್ಲೆಯವರು ಓದುವಾಗ ಒಂದು ವಿಷಯ ನೆನಪಿಡಿ: 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆ ವಿಲೀನ ಆದವು. ಅಪ್ಪನ ಹಳೆ ಖಾತೆ ಹೊಸ ಹೆಸರಲ್ಲಿ ಕಾಣಬಹುದು, ಗಾಬರಿ ಬೇಡ. ನಿಜವಾಗಿಯೂ ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮ ಇದೆ.

ಮನೆಯಲ್ಲಿ ಇದನ್ನೆಲ್ಲ ಕೂತು ಓದುವ ಪುರುಸೊತ್ತು ಹಿರಿಯರಿಗೆ ಇರುವುದಿಲ್ಲ, ಇಂಗ್ಲಿಷ್ ರಿಪೋರ್ಟ್ ನೋಡಿದರೆ ಬೇಸರವೂ ಬರ್ತದೆ. ಮುಂದಿನ ಸಲ ಊರಿಗೆ ಹೋದಾಗ ಅವರ ಜೊತೆ ಒಂದು ಗಂಟೆ ಕೂತು ಡೌನ್‌ಲೋಡ್ ಮಾಡಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿ. ಲೋನ್ ಅರ್ಜಿಗೆ ಆರು ತಿಂಗಳು ಮೊದಲೇ ಮಾಡಿದರೆ ಸರಿಪಡಿಸಲು ಸಮಯ ಸಿಗ್ತದೆ.