ಅಂಗಾಲಿನೊಳಗಿನ ಬಿಂದು

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕುಣಿಯುವ ಮದನಿಕೆಯನ್ನು ನೋಡಿ. ಭಾರವೆಲ್ಲ ಒಂದು ಕಾಲಿನ ಮೇಲೆ, ಸೊಂಟ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ. ಬಳಪದ ಕಲ್ಲಿನ ಆ ಶಿಲ್ಪ ಬೀಳುವುದಿಲ್ಲ, ಏಕೆಂದರೆ ಅದನ್ನು ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ಆನಿಸಿದ್ದಾರೆ. ಹಳೇಬೀಡಿನ ನರ್ತಕಿಯರ ಬೆನ್ನಿಗೆ ಗೋಡೆಯೇ ಇದೆ. ಅದೇ ಭಂಗಿಯಲ್ಲಿ ನಿಂತ ಜೀವಂತ ನರ್ತಕಿಗೆ ಆಸರೆ ಯಾವುದು? ಮನುಷ್ಯಾಕಾರದ ರೋಬಾಟ್ ಮಾಡಹೊರಟವರನ್ನು ದಶಕಗಳ ಕಾಲ ಕಾಡಿದ್ದು ಈ ಪ್ರಶ್ನೆ.

ಉತ್ತರದ ಎಳೆ ಸಿಕ್ಕಿದ್ದು 1960ರ ದಶಕದ ಕೊನೆಗೆ, ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ನಲ್ಲಿ. ನೆಲವು ಪಾದವನ್ನು ಮೇಲಕ್ಕೆ ಒತ್ತುವ ಬಲವನ್ನೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಸಿ ನೋಡಬಹುದು ಎಂದು ಅಲ್ಲಿನ ವಿಜ್ಞಾನಿ ಮಿಯೊಮಿರ್ ವುಕೊಬ್ರಾಟೊವಿಚ್ ತೋರಿಸಿದರು. ಆ ಬಿಂದು ಅಂಗಾಲಿನ ಒಳಗಿರುವಷ್ಟು ಹೊತ್ತು ಪಾದ ನೆಲಕ್ಕೆ ಊರಿರುತ್ತದೆ. ಅಂಚಿಗೆ ಬಂತೆಂದರೆ ದೇಹ ಮಗುಚತೊಡಗುತ್ತದೆ. ಸುಮ್ಮನೆ ನಿಂತಾಗ ತೂಕವೊಂದೇ ಲೆಕ್ಕ. ನಡೆಯುವಾಗ ಕೈ ಬೀಸಿದ ರಭಸ, ಮುಂಡ ವಾಲಿದ ವೇಗ ಎಲ್ಲವೂ ಆ ಬಿಂದುವನ್ನು ಎಳೆದಾಡುತ್ತವೆ. ಅದನ್ನು ಒಂದು ಪಾದದಿಂದ ಇನ್ನೊಂದಕ್ಕೆ ಬೀಳದಂತೆ ದಾಟಿಸುವುದೇ ನಡಿಗೆ.

ಸೂತ್ರ ಸಿಕ್ಕರೂ ನಡಿಗೆ ಬೇಗ ಕೈಗೂಡಲಿಲ್ಲ. 1973ರಲ್ಲಿ ಟೋಕಿಯೊದ ವಾಸೆಡಾ ವಿಶ್ವವಿದ್ಯಾಲಯದ ಇಚಿರೊ ಕಾಟೊ ತಂಡ ವಾಬಾಟ್-1 ಎಂಬ ಪೂರ್ಣಾಕಾರದ ರೋಬಾಟನ್ನು ನಡೆಸಿತು, ಬಹಳ ನಿಧಾನವಾಗಿ. 1986ರಲ್ಲಿ ಹೋಂಡಾ ಕಂಪನಿ ಮಾಡಿದ ಬರೀ ಕಾಲುಗಳ ಯಂತ್ರಕ್ಕೆ ಒಂದೊಂದು ಹೆಜ್ಜೆಗೆ ಸುಮಾರು 5 ಸೆಕೆಂಡು ಹಿಡಿಯುತ್ತಿತ್ತು. ಅಲ್ಲಿಂದ ಅದೇ ಕಂಪನಿಯ ಮನುಷ್ಯಾಕಾರದ ರೋಬಾಟ್ ಅಸಿಮೊ ಹೊರಬರಲು 2000ನೇ ಇಸವಿ ಆಗಬೇಕಾಯಿತು.

ಫುಕುಶಿಮಾ ಅಣು ದುರಂತದ ನಂತರ ಅಮೆರಿಕ ಏರ್ಪಡಿಸಿದ ರಕ್ಷಣಾ ರೋಬಾಟ್‌ಗಳ ಸ್ಪರ್ಧೆ 2015ರಲ್ಲಿ ಮುಗಿಯಿತು. ಬಾಗಿಲು ತೆರೆಯಲು ಹೋಗಿ, ವಾಹನದಿಂದ ಇಳಿಯಲು ಹೋಗಿ ಒಂದಾದ ಮೇಲೊಂದು ರೋಬಾಟ್ ಬಿತ್ತು. ಅದನ್ನು ನೋಡಿ ಬಹಳ ಜನ ನಕ್ಕರು. ನಾವು ಯೋಚಿಸದೆ ಇಡುವ ಹೆಜ್ಜೆಯ ಬೆಲೆ ನನಗೆ ಅಲ್ಲಿ ಕಂಡಿತು. ಗೆದ್ದದ್ದು ದಕ್ಷಿಣ ಕೊರಿಯಾದ ಹ್ಯೂಬೊ: ಅದು ಮಂಡಿಯೂರಿ ಚಕ್ರಗಳ ಮೇಲೆ ಉರುಳಬಲ್ಲದಾಗಿತ್ತು. ಅಗತ್ಯವಿಲ್ಲದ ಕಡೆ ನಡೆಯದಿರುವುದೇ ಅದರ ಜಾಣತನ.

ಇಸ್ರೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾಲನ್ನೇ ಕೈಬಿಟ್ಟಿತು. 2020ರ ಜನವರಿ 22ರಂದು ಬೆಂಗಳೂರಿನಲ್ಲಿ ಪರಿಚಯವಾದ ಅದರ ರೋಬಾಟ್ ವ್ಯೋಮಮಿತ್ರಳಿಗೆ ಇರುವುದು ತಲೆ, ಮುಂಡ, ಎರಡು ಕೈ. ಇಸ್ರೊದ ಗಗನಯಾನ ಯೋಜನೆಯ ಮಾನವರಹಿತ ಹಾರಾಟದಲ್ಲಿ ಫಲಕದ ಸ್ವಿಚ್ಚು ಒತ್ತುವುದು, ಕೋಶದೊಳಗಿನ ಸ್ಥಿತಿ ಗಮನಿಸಿ ಎಚ್ಚರಿಸುವುದು ಅವಳಿಗೆ ವಹಿಸಿದ ಕೆಲಸ. ಕಕ್ಷೆಯಲ್ಲಿ ತೂಕದ ಅನುಭವವೇ ಇಲ್ಲ, ಹಾಗಾಗಿ ಬೀಳುವ ಭಯವೂ ಇಲ್ಲ. ಕೆಲಸ ನೋಡಿ ಅಂಗ ಕೊಡುವ ಈ ವಿವೇಕ ನನಗೆ ತುಂಬ ಮೆಚ್ಚುಗೆ.

ಸ್ವಿಚ್ಚಿಗೆ ಸಾಕಾಗುವ ಕೈ ಅರಸೀಕೆರೆಯ ಉಂಡೆ ಕೊಬ್ಬರಿಗೆ ಸಾಲದು. ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅಲ್ಲಾಡಿಸಿ ಗಿಟುಕಾಗಿದೆಯೇ ಎಂದು ತಿಳಿಯಬೇಕು, ಸುಲಿಯಬೇಕು, ಒಳಗಿನ ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಒಡೆಯಬೇಕು. ಏಟನ್ನು ಎಲ್ಲಿ ಸಡಿಲಿಸಬೇಕೆಂದು ಹೇಳುವುದು ಕಣ್ಣಿಗಿಂತ ಹೆಚ್ಚಾಗಿ ಕೈ. ಮನುಷ್ಯನ ಒಂದು ಕೈಯ ಅಂಗೈ, ಬೆರಳುಗಳ ಒಳಬದಿಯ ಚರ್ಮದಲ್ಲಿ ಸುಮಾರು 17,000 ಸ್ಪರ್ಶ ನರತಂತುಗಳಿವೆ ಎಂದು ಸ್ವೀಡನ್ನಿನ ವಿಜ್ಞಾನಿಗಳು 1979ರಲ್ಲಿ ಅಂದಾಜಿಸಿದರು. ಅಂಥ ಚರ್ಮವನ್ನು ರೋಬಾಟಿನ ಬೆರಳಿಗೆ ಹೊದಿಸುವ ಯತ್ನ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ. ನಡಿಗೆಗೆ ಬೆಲ್‌ಗ್ರೇಡ್‌ನಲ್ಲಿ ಸಿಕ್ಕಂಥ ಸೂತ್ರ ಸ್ಪರ್ಶಕ್ಕೆ ಇನ್ನೂ ಸಿಕ್ಕಿಲ್ಲ.